ಅಂಗಡಿಯಲ್ಲಿ ಓಡಿದ ಡಬ್ಬಿ ತೋಟದಲ್ಲಿ ಯಾಕೆ ಮಲಗಿತು?

"ಮೋಟರ್ ಆನ್ ಆಗ್ತದೆ ಮಾರಾಯ. ಅದು ಫೋನ್ ಎತ್ತಿದ ಕೂಡ್ಲೆ ಆಫ್. ಎಂತ ಡಬ್ಬಿ ಕೊಟ್ಟಿದ್ದೆ ನೀನು?"

ತೀರ್ಥಹಳ್ಳಿ ಕಡೆಯ ಗೌಡ್ರು ಬೆಳಿಗ್ಗೆ ಆರೂವರೆಗೇ ಫೋನ್ ಮಾಡಿ ಹೀಗೆ ಬೈದರು. ಬೈದಿದ್ದು ನ್ಯಾಯವೇ. ಮಾರ್ಚ್ ತಿಂಗಳು, ತ್ರೀ ಫೇಸ್ ಕರೆಂಟ್ ಇರೋದೇ ಕೆಲವು ಗಂಟೆ. ಆ ಹೊತ್ತಲ್ಲಿ ಅಡಿಕೆಗೆ ನೀರು ಹೋಗದಿದ್ದರೆ ಹಿಂಗಾರ ಒಣಗುತ್ತದೆ.

ಶಿವಮೊಗ್ಗದ ನನ್ನ ರಿಪೇರಿ ಅಂಗಡಿಯಲ್ಲಿ ಕಟ್ಟಿದ ಮೊಬೈಲ್ ಸ್ಟಾರ್ಟರ್ ಅದು. ಒಳಗೆ ಸಿಮ್800 ಅನ್ನೋ 2ಜಿ ಮಾಡ್ಯೂಲ್, ಅಂದರೆ ಸಿಮ್ ಹಾಕಿದರೆ ಫೋನಿನ ಕೆಲಸ ಮಾಡುವ ಪುಟ್ಟ ಬೋರ್ಡು. ಗೌಡ್ರು ಕರೆ ಮಾಡಿದರೆ ನಂಬರ್ ನೋಡಿ ರಿಲೇ, ಅಂದರೆ ಮೋಟರ್ ಹಚ್ಚುವ ವಿದ್ಯುತ್ ಸ್ವಿಚ್ಚು, ಎಳೆಯುತ್ತದೆ. ಆಮೇಲೆ ತಾನೇ ಫೋನ್ ಎತ್ತಿ 'ಆನ್ ಆಯ್ತು' ಅಂತ ಒಂದು ಸದ್ದು ಕೇಳಿಸುತ್ತದೆ. ಅಂಗಡಿಯಲ್ಲಿ ಎರಡು ದಿನ ಓಡಿಸಿ ನೋಡಿಯೇ ಕೊಟ್ಟಿದ್ದೆ.

ತೋಟ ಇರೋದು ಎರಡು ಗುಡ್ಡದ ನಡುವೆ. ಪಂಪ್‌ಹೌಸ್ ಒಳಗೆ ಸಿಗ್ನಲ್ ಇಲ್ಲ ಅಂತ ಮಾಡ್ಯೂಲನ್ನು ಹೊರಗಿನ ಗೋಡೆಗೆ ಹೊಡೆದಿದ್ದೆ. ಪವರ್ ಮಾತ್ರ ಒಳಗಿನ ಸ್ಟಾರ್ಟರ್ ಡಬ್ಬಿಯಿಂದ. ಎರಡು ಮೀಟರ್ ಹಳೇ ಟೆಲಿಫೋನ್ ವೈರಿನಲ್ಲಿ 4 ವೋಲ್ಟ್. ಅಲ್ಲಿಗೆ ಹೋಗಿ ಮಲ್ಟಿಮೀಟರ್ ಹಿಡಿದರೆ 3.9 ತೋರಿಸಿತು. ಮಾಡ್ಯೂಲಿಗೆ 3.4ರಿಂದ 4.4 ಇದ್ದರೆ ಸಾಕು. ಸರಿಯಾಗೇ ಇದೆಯಲ್ಲ ಅಂತ ಎರಡು ಲೋಟ ಕಾಫಿ ಕುಡಿದು, ಡಬ್ಬಿ ಕಳಚಿಕೊಂಡು ವಾಪಸ್ ಬಂದೆ.

ಅಂಗಡಿಗೆ ಬಂದು ಹಚ್ಚಿದರೆ ಮತ್ತೆ ಸರಾಗ! ಅದೇ ವೈರು, ಅದೇ ಸಿಮ್ಮು.

ಸುಳಿವು ಕೊಟ್ಟಿದ್ದು ರೇಡಿಯೋ. ಭದ್ರಾವತಿ ಆಕಾಶವಾಣಿ ಹಾಕಿಕೊಂಡೇ ನಾನು ಕೆಲಸ ಮಾಡೋದು. ಪಕ್ಕದಲ್ಲಿ 2ಜಿ ಫೋನ್ ಇದ್ದರೆ ಹಾಡಿನ ಮಧ್ಯೆ 'ಡ್ರ್‌ರ್‌ರ್' ಅನ್ನುತ್ತಲ್ವಾ, ಆ ಸದ್ದು. 2ಜಿ ಫೋನ್ ಒಂದೇ ಸಮನೆ ಪ್ರಸಾರ ಮಾಡುವುದಿಲ್ಲ. ಒಂದೇ ತರಂಗಾಂತರವನ್ನು ಎಂಟು ಜನ ಸರದಿಯಲ್ಲಿ ಹಂಚಿಕೊಳ್ಳುತ್ತಾರೆ. ಒಂದು ಸುತ್ತಿಗೆ 4.615 ಮಿಲಿಸೆಕೆಂಡ್, ಅದರಲ್ಲಿ ನಮ್ಮ ಪಾಲು 0.577. ಸೆಕೆಂಡಿಗೆ 217 ಸಲ ಹೀಗೆ ಕೂಗಿ ಸುಮ್ಮನಾಗುವುದೇ ರೇಡಿಯೋದಲ್ಲಿ ಕೇಳುವ ಡ್ರ್‌ರ್.

ಎಷ್ಟು ಜೋರಾಗಿ ಕೂಗಬೇಕು ಅನ್ನೋದನ್ನು ಹೇಳುವುದು ಟವರ್. ಹತ್ತಿರ ಇದ್ದರೆ 'ಮೆಲ್ಲಗೆ ಸಾಕು' ಅನ್ನುತ್ತದೆ, ಕೆಲವೇ ಮಿಲಿವ್ಯಾಟ್. ದೂರ ಇದ್ದರೆ, 900 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ, 2 ವ್ಯಾಟ್ ತನಕ. ಆಗ ಆ ಅರ್ಧ ಮಿಲಿಸೆಕೆಂಡಿಗೆ ಮಾಡ್ಯೂಲ್ 2 ಆಂಪ್ಸ್ ಎಳೆಯುತ್ತದೆ. ಅಂಗಡಿಯಿಂದ ಟವರ್ ಕಣ್ಣಿಗೆ ಕಾಣುತ್ತದೆ. ತೋಟದಿಂದ ಗುಡ್ಡ ಕಾಣುತ್ತದೆ.

ಪರೀಕ್ಷೆ ಮಾಡಿಯೇ ಬಿಡೋಣ ಅಂತ ಮಾಡ್ಯೂಲನ್ನು ಆಂಟೆನಾ ಸಮೇತ ಮನೆಯ ಅವಲಕ್ಕಿ ಡಬ್ಬದೊಳಗೆ ಇಟ್ಟು, ಸ್ಟೀಲ್ ಮುಚ್ಚಳ ಓರೆ ಮಾಡಿದೆ. ಸಿಗ್ನಲ್ ಅಂಕಿ 24ರಿಂದ 8ಕ್ಕೆ ಇಳಿಯಿತು. ವೋಲ್ಟಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಸ್ಕೋಪ್ ಹಚ್ಚಿ ಕರೆ ಮಾಡಿದೆ. ಫೋನ್ ಎತ್ತುತ್ತಿದ್ದಂತೆ 4 ವೋಲ್ಟಿನ ಗೆರೆಯಲ್ಲಿ ಗರಗಸದ ಹಲ್ಲಿನ ಹಾಗೆ ಗುಂಡಿ. ತಳ 3.3. ಅಷ್ಟೇ, ಮಾಡ್ಯೂಲ್ ಮಲಗಿತು, ರಿಲೇ ಬಿಟ್ಟಿತು. ಲೆಕ್ಕವೂ ಕೂಡಿತು: ಅರ್ಧ ಮಿಲಿಮೀಟರ್ ದಪ್ಪದ ತಾಮ್ರ, ಹೋಗಿ ಬರಲು ನಾಲ್ಕು ಮೀಟರ್, ಸುಮಾರು 0.35 ಓಮ್. ಎರಡು ಆಂಪ್ಸಿಗೆ 0.7 ವೋಲ್ಟ್ ವೈರೇ ನುಂಗಿತು. ಮೀಟರ್ ಪಾಪ ಸರಾಸರಿ ತೋರಿಸುತ್ತಿತ್ತು. ನಾನೇ ನಂಬಿ ಕೂತಿದ್ದೆ.

ಮೊದಲು ಮಾಡ್ಯೂಲ್ ಬುಡದಲ್ಲಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸೆದೆ. ಕರೆಂಟು ಕೂಡಿಟ್ಟು ಬೇಕಾದ ಕ್ಷಣಕ್ಕೆ ಕೊಡುವ ಪುಟ್ಟ ತೊಟ್ಟಿ ಅದು. ಗುಂಡಿಯ ತಳ 3.4ರ ಅಂಚಿಗೆ ಬಂದು ನಿಂತಿತು. ಮಳೆಗಾಲದಲ್ಲಿ ಇಂಥದ್ದನ್ನು ನಂಬೋಕಾಗಲ್ಲ. 2200 ಹಾಕಿದೆ, 3.6ಕ್ಕೆ ಬಂತು. ಕೊನೆಗೆ ಅದೂ ಸಮಾಧಾನ ಆಗದೆ ಉದ್ದ ವೈರಿನಲ್ಲಿ 12 ವೋಲ್ಟೇ ಕಳಿಸಿ, 4ಕ್ಕೆ ಇಳಿಸುವ ಬಕ್ ಕನ್ವರ್ಟರನ್ನು ಮಾಡ್ಯೂಲ್ ಪಕ್ಕಕ್ಕೇ ತಂದೆ. ಈಗ ವೈರಿನಲ್ಲಿ ಹರಿಯುವ ಕರೆಂಟೂ ಕಡಿಮೆ, ವೈರು ಸ್ವಲ್ಪ ನುಂಗಿದರೂ ಚಿಂತೆ ಇಲ್ಲ.

ಆಂಟೆನಾವನ್ನು ಬಿದಿರು ಗಳಕ್ಕೆ ಕಟ್ಟಿ ದರೆ ಮೇಲೆ ನಿಲ್ಲಿಸಿ ಅಂದರು ಗೌಡ್ರು. ಬೇಡ ಅಂದೆ. ಸಾಧಾರಣ ತೆಳು ಕೇಬಲ್ ಹತ್ತು ಮೀಟರಿಗೆ ಅರ್ಧಕ್ಕಿಂತ ಜಾಸ್ತಿ ಶಕ್ತಿ ತಿನ್ನುತ್ತದೆ. ಅದರ ಬದಲು ಡಬ್ಬಿಯನ್ನೇ ಆಂಟೆನಾ ಜೊತೆ ಗಳಕ್ಕೆ ಏರಿಸಿದೆವು. ಸಿಗ್ನಲ್ 8ರಿಂದ 15 ಆಯಿತು.

ಗೌಡ್ರು ಅಲ್ಲೇ ನಿಂತು ಕರೆ ಮಾಡಿದರು. ಮೋಟರ್ ಗುರ್ರ್ ಅಂತು, ಫೋನಿನಲ್ಲಿ ಸದ್ದು ಬಂತು, ಸ್ಪ್ರಿಂಕ್ಲರ್ ಹಾರಿತು. "ಈಗ ಸೈ," ಅಂದವರು ಗಳದ ತುದಿ ನೋಡಿದರು. "ಮಂಗ ಕಿತ್ರೆ ಮತ್ತೆ ನಿಂಗೇ ಫೋನ್ ಮಾಡ್ತೆ."