ಕ್ಯಾಮೆರಾ ಬ್ಯಾಟರಿ ತಪ್ಪು ಲೆಕ್ಕ ಹೇಳುತ್ತಿದೆಯೇ? ಕ್ಯಾಲಿಬ್ರೇಟ್ ಮಾಡುವುದು ಹೀಗೆ

ಸ್ಕ್ರೀನಿನ ಮೂಲೆಯಲ್ಲಿ ಶೇ 43 ಅಂತ ಇರುತ್ತದೆ. ಇನ್ನೂ ಅರ್ಧದಷ್ಟಿದೆ ಅಂತ ನೀವು ನಿಶ್ಚಿಂತೆಯಾಗಿ ಫೋಟೊ ತೆಗೆಯುತ್ತಿರುತ್ತೀರಿ. ಸ್ವಲ್ಪ ಹೊತ್ತಿಗೇ ಬ್ಯಾಟರಿ ಚಿಹ್ನೆ ಕೆಂಪಾಗಿ ಮಿಣುಕುತ್ತದೆ, ಕ್ಯಾಮೆರಾ ಆಫ್ ಆಗುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಶೇ 20 ಅನ್ನುತ್ತದೆ.

ಇಂಥ ಹೊತ್ತಲ್ಲಿ ಕೆಲವರು ಬ್ಯಾಟರಿ ಹೋಯಿತು ಅಂತ ಹೊಸದು ತರಿಸುತ್ತಾರೆ. ಇನ್ನು ಕೆಲವರು ಯಾರೋ ಹೇಳಿದ್ದು ಕೇಳಿ, ಇರೋ ಬ್ಯಾಟರಿಯನ್ನೇ ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡುವುದನ್ನು ಐದಾರು ಸಲ ಮಾಡುತ್ತಾರೆ. ಮೊದಲನೆಯದರಲ್ಲಿ ದುಡ್ಡು ದಂಡ. ಎರಡನೆಯದರಲ್ಲಿ ಚೆನ್ನಾಗಿದ್ದ ಬ್ಯಾಟರಿಯೂ ಸವೆಯುತ್ತದೆ. ಬೇಕಾಗಿರುವುದು ಒಂದೇ ಒಂದು ಸಲ, ಸರಿಯಾಗಿ ಮಾಡಿದ ಕ್ಯಾಲಿಬ್ರೇಶನ್.

ಮೊದಲು, ಇದರಿಂದ ಏನಾಗುತ್ತದೆ, ಏನಾಗುವುದಿಲ್ಲ

ಈಗಿನ ಬಹುತೇಕ ಕ್ಯಾಮೆರಾಗಳ ಬ್ಯಾಟರಿ ಲಿಥಿಯಂ-ಅಯಾನ್. ಸಾಮಾನ್ಯವಾಗಿ ಒಳಗೆ ಎರಡು ಸೆಲ್‌ಗಳು ಸಾಲಾಗಿ ಜೋಡಿಸಿರುತ್ತವೆ. ಮೇಲೆ 7.2 ವೋಲ್ಟ್ ಅಂತಲೋ 7.4 ವೋಲ್ಟ್ ಅಂತಲೋ ಬರೆದಿರುವುದು ಅದಕ್ಕೇ. ಸೆಲ್‌ಗಳ ಜೊತೆಗೆ ಒಂದು ಪುಟ್ಟ ಸರ್ಕ್ಯೂಟ್ ಇರುತ್ತದೆ. ಶೇಕಡಾವಾರು ತೋರಿಸುವ ಬ್ಯಾಟರಿಗಳಲ್ಲಿ ಈ ಸರ್ಕ್ಯೂಟಿನ ಚಿಪ್ ಎಷ್ಟು ಕರೆಂಟ್ ಒಳಗೆ ಬಂತು, ಎಷ್ಟು ಹೊರಗೆ ಹೋಯಿತು ಅಂತ ಲೆಕ್ಕ ಇಡುತ್ತಾ ಹೋಗುತ್ತದೆ. ಪ್ರತಿ ಸಲವೂ ಶೇ 60ಕ್ಕೆ ಬಂದಾಗ ಚಾರ್ಜಿಗೆ ಹಾಕಿ, ಶೇ 90ಕ್ಕೆ ತೆಗೆದು ಓಡುತ್ತಿದ್ದರೆ ಈ ಲೆಕ್ಕದಲ್ಲಿ ಸಣ್ಣ ಸಣ್ಣ ತಪ್ಪುಗಳು ಸೇರಿಕೊಳ್ಳುತ್ತವೆ. ಪೂರ್ತಿ ತುಂಬಿದ್ದು ಎಲ್ಲಿ, ಪೂರ್ತಿ ಖಾಲಿ ಆಗುವುದು ಎಲ್ಲಿ ಅನ್ನುವ ಗುರುತೇ ಚಿಪ್‌ಗೆ ಸಿಕ್ಕಿರುವುದಿಲ್ಲ. ಆ ಎರಡು ತುದಿಗಳನ್ನು ಒಮ್ಮೆ ತೋರಿಸಿಕೊಡುವುದೇ ಕ್ಯಾಲಿಬ್ರೇಶನ್.

ಗಾಡಿಯ ಪೆಟ್ರೋಲ್ ಮುಳ್ಳು ರಿಪೇರಿ ಮಾಡಿದರೆ ಟ್ಯಾಂಕು ದೊಡ್ಡದಾಗುವುದಿಲ್ಲ, ಅಲ್ವಾ? ಇದೂ ಅಷ್ಟೇ. ಬ್ಯಾಟರಿಯ ತಾಕತ್ತು ಹೆಚ್ಚುವುದಿಲ್ಲ. ಎಷ್ಟು ಉಳಿದಿದೆ ಅಂತ ನಿಜ ಗೊತ್ತಾಗುತ್ತದೆ, ಅಷ್ಟೇ. ‘ಖಾಲಿ ಮಾಡಿ ಖಾಲಿ ಮಾಡಿ ಚಾರ್ಜ್ ಮಾಡಿದರೆ ಬ್ಯಾಟರಿಗೆ ಜೀವ ಬರುತ್ತದೆ’ ಅನ್ನುವ ಮಾತು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಅವುಗಳಿಗೆ ಮೆಮೊರಿ ಎಫೆಕ್ಟ್ ಎಂಬ ತೊಂದರೆ ಇತ್ತು, ಅಂದರೆ ಪೂರ್ತಿ ಖಾಲಿಯಾಗುವ ಮೊದಲೇ ಮತ್ತೆ ಮತ್ತೆ ಚಾರ್ಜ್ ಮಾಡಿದರೆ ತಾಕತ್ತು ಕುಗ್ಗಿದಂತಾಗುತ್ತಿತ್ತು. 1991ರಲ್ಲಿ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಮೂರು ದಶಕ ದಾಟಿದರೂ ಹಳೇ ಸಲಹೆ ಮಾತ್ರ ಓಡಾಡುತ್ತಲೇ ಇದೆ. ಲಿಥಿಯಂಗೆ ಪೂರ್ತಿ ಖಾಲಿ ಆಗುವುದು ಇಷ್ಟವಿಲ್ಲ. ಪ್ರತಿ ಸಲ ಹಾಗೆ ಮಾಡಿದರೆ ಆಯಸ್ಸು ಕಡಿಮೆಯಾಗುತ್ತದೆ.

ನಿಮ್ಮ ಬ್ಯಾಟರಿಗೆ ಇದು ಬೇಕೇ?

ಮೆನುವಿನಲ್ಲಿ ನೋಡಿ. ಕ್ಯಾನನ್‌ನ ಎಲ್‌ಪಿ-ಇ6 ಜಾತಿಯ ಬ್ಯಾಟರಿ ಬಳಸುವ ಕ್ಯಾಮೆರಾಗಳಲ್ಲಿ ಬ್ಯಾಟರಿ ಇನ್ಫೋ ಅಂತ ಒಂದು ಪುಟ ಇದೆ. ಶೇಕಡಾವಾರಿನ ಜೊತೆಗೆ ರೀಚಾರ್ಜ್ ಪರ್ಫಾರ್ಮೆನ್ಸ್ ಅಂತ ಮೂರು ಚೌಕ ಇರುತ್ತವೆ. ಮೂರೂ ಹಸಿರಾಗಿದ್ದರೆ ಬ್ಯಾಟರಿ ಗಟ್ಟಿ. ಒಂದೇ ಚೌಕ, ಅದೂ ಕೆಂಪಾಗಿದ್ದರೆ ಹೊಸದು ಕೊಳ್ಳುವ ಕಾಲ ಬಂದಿದೆ. ನಿಕಾನ್‌ನ ಅನೇಕ ಕ್ಯಾಮೆರಾಗಳಲ್ಲಿ ಬ್ಯಾಟರಿ ಏಜ್ ಅಂತ 0ರಿಂದ 4ರವರೆಗೆ ಅಂಕಿ ಬರುತ್ತದೆ. 0 ಅಂದರೆ ಹೊಸದು, 4 ಅಂದರೆ ಬದಲಿಸಿ. ಕೆಂಪು ಚೌಕವೋ 4ನೇ ಅಂಕಿಯೋ ಬಂದಮೇಲೆ ಕ್ಯಾಲಿಬ್ರೇಟ್ ಮಾಡಿ ಪ್ರಯೋಜನವಿಲ್ಲ.

ಇಂಥ ಯಾವ ಮಾಹಿತಿಯೂ ಇಲ್ಲದೆ ಬರೀ ಮೂರು ಗೀಟು ತೋರಿಸುವ ಸಣ್ಣ ಕ್ಯಾಮೆರಾ ಆಗಿದ್ದರೆ, ಹೆಚ್ಚಿನಂಶ ಅದು ವೋಲ್ಟೇಜ್ ನೋಡಿ ಅಂದಾಜು ಹೇಳುತ್ತಿರುತ್ತದೆ. ಅದಕ್ಕೆ ಕ್ಯಾಲಿಬ್ರೇಶನ್ ಮಾಡಿದರೂ ಒಂದೇ, ಬಿಟ್ಟರೂ ಒಂದೇ. ಬಿಡಿ.

ಇನ್ನೊಂದು ವಿಷಯ. ಚಳಿಯಲ್ಲಿ ಬ್ಯಾಟರಿ ದಿಢೀರ್ ಬಿದ್ದುಹೋದರೆ ಅದು ಲೆಕ್ಕದ ತಪ್ಪಲ್ಲ. ಥಂಡಿಗೆ ಸೆಲ್ಲಿನ ಒಳಗಿನ ಕೆಲಸ ನಿಧಾನವಾಗಿ ವೋಲ್ಟೇಜ್ ಕುಸಿಯುತ್ತದೆ. ಒಳಜೇಬಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಬೆಚ್ಚಗಾಗಲು ಬಿಟ್ಟರೆ ಮತ್ತೆ ಎದ್ದು ಕೂರುತ್ತದೆ.

ಖಾಲಿ ಮಾಡುವುದು: ಎಲ್ಲರೂ ಎಡವುವ ಜಾಗ

ಕೆಲವು ಚಾರ್ಜರ್‌ಗಳಲ್ಲೇ ಇದಕ್ಕೆ ಗುಂಡಿ ಇದೆ. ಕ್ಯಾನನ್‌ನ ಎಲ್‌ಸಿ-ಇ4, ನಿಕಾನ್‌ನ ಎಂಎಚ್-21 ಅಂಥವು. ವೃತ್ತಿಪರರ ದೊಡ್ಡ ಕ್ಯಾಮೆರಾಗಳ ಜೊತೆ ಬಂದವು. ಅಂಥದ್ದಿದ್ದರೆ ಗುಂಡಿ ಒತ್ತಿ, ಮುಗಿಯುವವರೆಗೆ ಮುಟ್ಟದೆ ಬಿಡಿ. ಗಂಟೆಗಟ್ಟಲೆ ಹಿಡಿಯುತ್ತದೆ, ಅವಸರಪಟ್ಟು ಮಧ್ಯದಲ್ಲಿ ಕೀಳಬೇಡಿ. ಉಳಿದವರು ಕ್ಯಾಮೆರಾದಲ್ಲೇ ಖಾಲಿ ಮಾಡಬೇಕು.

ಮೊದಲು ಮೆಮೊರಿ ಕಾರ್ಡ್ ಹೊರಗೆ ತೆಗೆಯಿರಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಬ್ಯಾಟರಿ ಬೇಗ ಖಾಲಿಯಾಗಲಿ ಅಂತ ವಿಡಿಯೊ ರೆಕಾರ್ಡಿಂಗ್ ಹಾಕಿ ಬಿಟ್ಟುಹೋಗುವವರನ್ನು ನೋಡಿದ್ದೇನೆ. ಕಾರ್ಡಿಗೆ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಆ ಫೈಲ್ ಕೆಡುವುದಂತೂ ಇರಲಿ, ಕಾರ್ಡಿನಲ್ಲಿದ್ದ ಹಳೇ ಫೋಟೊಗಳೂ ತೆರೆಯದೇ ಹೋಗಬಹುದು. ಅಲ್ಲದೆ ಹೆಚ್ಚಿನ ರೆಸಲ್ಯೂಶನ್ನಿನ ವಿಡಿಯೊ ಕ್ಯಾಮೆರಾವನ್ನು ಸುಡುವಷ್ಟು ಬಿಸಿ ಮಾಡುತ್ತದೆ. ಆ ಬಿಸಿ ಬ್ಯಾಟರಿಗೂ ತಾಗುತ್ತದೆ. ಬಿಸಿಯೇ ಲಿಥಿಯಂನ ಮೊದಲ ಶತ್ರು.

ನಮಗೆ ಬೇಕಾದದ್ದು ನಿಧಾನವಾಗಿ, ಒಂದೇ ಸಮನೆ ಖಾಲಿಯಾಗುವುದು. ಅದಕ್ಕೆ ಲೈವ್ ವ್ಯೂ, ಅಂದರೆ ಲೆನ್ಸಿಗೆ ಕಾಣುವುದನ್ನು ಸ್ಕ್ರೀನಿನಲ್ಲಿ ತೋರಿಸುವ ವ್ಯವಸ್ಥೆ, ಸಾಕು. ಲೆನ್ಸಿಗೆ ಮುಚ್ಚಳ ಹಾಕಿ. ಫೋಕಸನ್ನು ಮ್ಯಾನುಯಲ್‌ಗೆ ತಿರುಗಿಸಿ. ಇಲ್ಲದಿದ್ದರೆ ಕತ್ತಲಲ್ಲಿ ಫೋಕಸ್ ಹುಡುಕುತ್ತಾ ಲೆನ್ಸಿನ ಮೋಟರ್ ಸುಮ್ನೆ ಹಿಂದೆ ಮುಂದೆ ಓಡಾಡುತ್ತಿರುತ್ತದೆ. ಆಟೊ ಪವರ್ ಆಫ್ ಬಂದ್ ಮಾಡಿ ಅಥವಾ ಇರುವುದರಲ್ಲೇ ಜಾಸ್ತಿ ಸಮಯಕ್ಕೆ ಇಡಿ. ಸ್ಕ್ರೀನ್ ಬ್ರೈಟ್‌ನೆಸ್ ಏರಿಸಿ. ವೈಫೈ, ಬ್ಲೂಟೂತ್ ಆನ್ ಇದ್ದರೂ ಪರವಾಗಿಲ್ಲ. ಕ್ಯಾಮೆರಾವನ್ನು ಗಾಳಿಯಾಡುವ ಕಡೆ ಮೇಜಿನ ಮೇಲೆ ಇಡಿ. ಬ್ಯಾಗಿನೊಳಗೋ ಹಾಸಿಗೆಯ ಮೇಲೋ ಬೇಡ. ಬಿಸಿಯ ಎಚ್ಚರಿಕೆ ಬಂದರೆ ಆಫ್ ಮಾಡಿ, ಆರಲು ಬಿಟ್ಟು, ಮುಂದುವರಿಸಿ.

ಲೆನ್ಸ್ ಒಳಗೆ ಹೊರಗೆ ಹೋಗುವ ಕಾಂಪ್ಯಾಕ್ಟ್ ಕ್ಯಾಮೆರಾ ಆದರೆ ಲೈವ್ ವ್ಯೂ ಬೇಡ. ಲೆನ್ಸ್ ಹೊರಗಿರುವಾಗಲೇ ಬ್ಯಾಟರಿ ಮುಗಿದರೆ ಅದು ಒಳಗೆ ಹೋಗದೆ ಹಾಗೇ ನಿಲ್ಲಬಹುದು. ಯಾರಾದರೂ ಕೈ ತಾಗಿಸಿ ಒತ್ತಿದರೆ ಕೆಟ್ಟಿತು ಅಂತಲೇ ಲೆಕ್ಕ. ಲೆನ್ಸ್ ಒಳಗೇ ಇರುವಂತೆ ಪ್ಲೇಬ್ಯಾಕ್ ಗುಂಡಿ ಒತ್ತಿ ಆನ್ ಮಾಡಿ, ಫೋಟೊ ನೋಡುವ ಸ್ಲೈಡ್‌ಶೋ ಹಾಕಿ. ಅದಕ್ಕೆ ಕಾರ್ಡ್ ಬೇಕಾದ್ದರಿಂದ ಮುಖ್ಯ ಫೋಟೊಗಳಿಲ್ಲದ ಕಾರ್ಡೊಂದನ್ನು ಹಾಕಿಕೊಳ್ಳಿ.

ಕೊನೆಗೆ ಕ್ಯಾಮೆರಾ ತಾನಾಗಿಯೇ ಆಫ್ ಆಗುತ್ತದೆ. ಇಲ್ಲೇ ದೊಡ್ಡ ತಪ್ಪು ನಡೆಯುವುದು. ಜನ ಮತ್ತೆ ಆನ್ ಮಾಡುತ್ತಾರೆ. ಹೊರೆ ಇಳಿದ ಕೂಡಲೇ ಸೆಲ್ಲಿನ ವೋಲ್ಟೇಜ್ ಸ್ವಲ್ಪ ಮೇಲೆ ಬರುವುದು ಸಹಜ. ಹಾಗಾಗಿ ಕ್ಯಾಮೆರಾ ಒಂದು ಕ್ಷಣ ಎದ್ದು ಮತ್ತೆ ಮಲಗುತ್ತದೆ. ‘ಇನ್ನೂ ಇದೆ’ ಅಂತ ಹತ್ತು ಸಲ ಹಿಂಡಿದರೆ ಲೆಕ್ಕಕ್ಕೆ ಏನೂ ಲಾಭವಿಲ್ಲ, ಸೆಲ್ಲಿಗೆ ಮಾತ್ರ ಪೆಟ್ಟು. ತಾನಾಗಿ ಆಫ್ ಆದದ್ದೇ ಕೆಳಗಿನ ತುದಿ. ಚಿಪ್‌ಗೆ ಅದು ಗೊತ್ತಾಯಿತು. ಟಾರ್ಚ್ ಬಲ್ಬ್ ಜೋಡಿಸಿ ಸೊನ್ನೆಗೆ ಇಳಿಸುವುದಂತೂ ಬೇಡವೇ ಬೇಡ. ಸೆಲ್ಲಿನ ವೋಲ್ಟೇಜ್ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಒಳಗಿನ ತಾಮ್ರ ಕರಗಲು ಶುರುವಾಗುತ್ತದೆ. ಅಂಥ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡುವುದು ಅಪಾಯ.

ಆಫ್ ಆದ ಮೇಲೆ ಬ್ಯಾಟರಿ ಹೊರಗೆ ತೆಗೆದು ಒಂದೆರಡು ಗಂಟೆ ಹಾಗೇ ಇಡಿ. ಮೈ ತಣ್ಣಗಾಗಲಿ. ಆದರೆ ‘ನಾಳೆ ನೋಡೋಣ, ನಾಡಿದ್ದು ನೋಡೋಣ’ ಅಂತ ಖಾಲಿ ಬ್ಯಾಟರಿಯನ್ನು ಮೂಲೆಗೆ ಎಸೆಯಬೇಡಿ. ಬಳಸದೆ ಇಟ್ಟರೂ ಚಾರ್ಜ್ ಸ್ವಲ್ಪ ಸ್ವಲ್ಪ ಇಳಿಯುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಚಾರ್ಜರ್ ಅದನ್ನು ಗುರುತಿಸಲೂ ಒಪ್ಪದೆ ದೀಪ ಪಟಪಟ ಮಿಣುಕಿಸುತ್ತದೆ.

ತುಂಬುವುದು

ಗೋಡೆಯ ಚಾರ್ಜರ್‌ಗೆ ಹಾಕಿ, ಪೂರ್ತಿ ಆಗುವವರೆಗೆ ತೆಗೆಯಬೇಡಿ. ಇಷ್ಟೇ.

ಯುಎಸ್‌ಬಿ ಕೇಬಲ್ ಮೂಲಕ ಕ್ಯಾಮೆರಾದಲ್ಲೇ ಚಾರ್ಜ್ ಮಾಡುವುದು ಪ್ರಯಾಣದಲ್ಲಿ ಅನುಕೂಲ. ಆದರೆ ಈ ಒಂದು ಸಲಕ್ಕೆ ಚಾರ್ಜರ್ ಪೆಟ್ಟಿಗೆಯನ್ನೇ ಬಳಸಿ, ಅದೂ ಕಂಪನಿಯದ್ದನ್ನೇ. ಕೊನೆಯ ಭಾಗದ ಚಾರ್ಜಿಂಗ್ ಬೇಕಂತಲೇ ನಿಧಾನವಾಗಿ ನಡೆಯುತ್ತದೆ. ಮೇಲಿನ ತುದಿ ಚಿಪ್‌ಗೆ ಸಿಗುವುದು ಅಲ್ಲೇ. ಕ್ಯಾನನ್‌ನ ಎಲ್‌ಸಿ-ಇ6 ಚಾರ್ಜರಿನ ದೀಪ ಮೂರು ಮೂರು ಸಲ ಮಿಣುಕುತ್ತಿದ್ದರೆ ಶೇ 75 ದಾಟಿದೆ ಅಂತ ಅರ್ಥ, ಮುಗಿದಿದೆ ಅಂತ ಅಲ್ಲ. ಹಸಿರು ಬರುವವರೆಗೆ ಕಾಯಿರಿ. ಕೋಣೆ ತೀರಾ ಬಿಸಿಯೂ ಇರಬಾರದು, ತೀರಾ ಥಂಡಿಯೂ ಇರಬಾರದು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್ಲಿನೊಳಗೆ ಲಿಥಿಯಂ ಲೋಹವಾಗಿ ಕೂತು ಶಾಶ್ವತ ಹಾನಿ ಮಾಡುತ್ತದೆ.

ಈಗ ಕ್ಯಾಮೆರಾಕ್ಕೆ ಹಾಕಿ ಎಂದಿನಂತೆ ಬಳಸಿ. ಅಂಕಿ ಹಂತ ಹಂತವಾಗಿ ಇಳಿದರೆ ಕೆಲಸ ಆಯಿತು. ಇನ್ನೂ ಅರ್ಧದಿಂದ ದಿಢೀರ್ ಸೊನ್ನೆಗೆ ಬೀಳುತ್ತಿದ್ದರೆ ಸೆಲ್‌ಗಳೇ ಸೋತಿವೆ. ಎರಡನೇ ಸಲ ಮಾಡಿ ನೋಡುವುದರಿಂದ ಏನೂ ಬದಲಾಗದು. ಲೆಕ್ಕ ಸರಿಯಿರುವ ಬ್ಯಾಟರಿಗೆ ಸುಮ್ಮನೆ ಅಭ್ಯಾಸಕ್ಕೆ ಅಂತ ಮಾಡುವುದೂ ಬೇಡ. ತೊಂದರೆ ಕಂಡಾಗ ಮಾತ್ರ ಮಾಡಿ.

ದಿನನಿತ್ಯದ ಆರೈಕೆ

ಕೆಲವು ವಾರ ಬಳಸುವುದಿಲ್ಲ ಅಂದರೆ ಅರ್ಧದಷ್ಟು ಚಾರ್ಜ್ ಉಳಿಸಿ, ಕ್ಯಾಮೆರಾದಿಂದ ತೆಗೆದು, ತಂಪಾದ ಒಣ ಜಾಗದಲ್ಲಿಡಿ. ಪೂರ್ತಿ ತುಂಬಿದ ಬ್ಯಾಟರಿಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡುವುದಕ್ಕಿಂತ ಕೆಟ್ಟದ್ದಿಲ್ಲ. ಫ್ರಿಜ್ಜಿನಲ್ಲಿಡುವ ಉಪಾಯ ನನಗೆ ಒಪ್ಪಿಗೆಯಿಲ್ಲ. ಹೊರಗೆ ತೆಗೆದಾಗ ಮೈಮೇಲೆ ನೀರು ಕೂರುತ್ತದೆ. ಫ್ರೀಜರ್ ಅಂತೂ ಖಂಡಿತ ಬೇಡ.

ಸಂಪರ್ಕದ ಲೋಹದ ಪಟ್ಟಿಗಳನ್ನು ಆಗಾಗ ಒಣ ಹತ್ತಿ ಬಟ್ಟೆಯಿಂದ ಒರೆಸಿ. ಜಿಡ್ಡಿದ್ದರೆ ಹತ್ತಿಕಡ್ಡಿಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಮರಳು ಕಾಗದದಿಂದ ಉಜ್ಜಿದರೆ ಮೇಲಿನ ತೆಳು ಲೇಪ ಹೋಗಿಬಿಡುತ್ತದೆ. ಪ್ಲಾಸ್ಟಿಕ್ ಮುಚ್ಚಳ ಎಸೆಯಬೇಡಿ, ಕೀ ಅಥವಾ ನಾಣ್ಯ ತಾಗಿ ಶಾರ್ಟ್ ಆಗುವುದನ್ನು ತಪ್ಪಿಸುತ್ತದೆ. ಎಲ್‌ಪಿ-ಇ6ರ ಮುಚ್ಚಳದಲ್ಲಿ ಬ್ಯಾಟರಿ ಆಕಾರದ ಒಂದು ಕಿಂಡಿ ಇದೆ. ಒಂದು ಕಡೆಯಿಂದ ಹಾಕಿದರೆ ನೀಲಿ ಕಾಣುತ್ತದೆ, ತಿರುಗಿಸಿ ಹಾಕಿದರೆ ಕಾಣುವುದಿಲ್ಲ. ನೀಲಿ ಕಂಡರೆ ಚಾರ್ಜ್ ಆಗಿದೆ ಅಂತ ರೂಢಿ ಮಾಡಿಕೊಳ್ಳಿ. ವರ್ಷಗಟ್ಟಲೆ ಅದೇ ಬ್ಯಾಟರಿ ಬಳಸಿಯೂ ಇದನ್ನು ಗಮನಿಸದವರು ಬಹಳ.

ಎರಡು ಮೂರು ಬ್ಯಾಟರಿ ಇದ್ದರೆ ಮಾರ್ಕರ್ ಪೆನ್ನಿನಿಂದ ನಂಬರ್, ಕೊಂಡ ತಿಂಗಳು ಬರೆಯಿರಿ. ದಪ್ಪ ಸ್ಟಿಕರ್ ಅಂಟಿಸಬೇಡಿ, ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಬೇರೆ ಕಂಪನಿಗಳ ಅಗ್ಗದ ಬ್ಯಾಟರಿಗಳ ಬಗ್ಗೆ ಒಂದು ಮಾತು. ಸೋನಿಯ ಎನ್‌ಪಿ-ಎಫ್‌ಝಡ್100 ಬ್ಯಾಟರಿಯಲ್ಲಿ ಇರುವುದು 2280 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ). ಅದೇ ಗಾತ್ರದ ಡಬ್ಬಿಯ ಮೇಲೆ ಇದಕ್ಕಿಂತ ಎಷ್ಟೋ ದೊಡ್ಡ ಅಂಕಿ ಅಚ್ಚು ಹಾಕಿದ್ದರೆ ನಂಬಬೇಡಿ. ಕಂಪನಿಯದ್ದರ ಜೊತೆ ತಕ್ಕಡಿಯಲ್ಲಿಟ್ಟು ನೋಡಿ. ಹಗುರ ಇದ್ದರೆ ಒಳಗೆ ಸರಕು ಕಡಿಮೆ ಅನ್ನುವ ಅನುಮಾನಕ್ಕೆ ಕಾರಣವಿದೆ. ಇಂಥ ಕೆಲವಕ್ಕೆ ಕ್ಯಾಮೆರಾದ ಜೊತೆ ಸರಿಯಾಗಿ ಮಾತಾಡುವ ಚಿಪ್ಪೇ ಇರುವುದಿಲ್ಲ. ಅವುಗಳ ಶೇಕಡಾವಾರನ್ನು ಎಷ್ಟು ಕ್ಯಾಲಿಬ್ರೇಟ್ ಮಾಡಿದರೂ ನಂಬುವ ಹಾಗಿಲ್ಲ.

ವಿಮಾನದಲ್ಲಿ ಹೋಗುವಾಗ ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿನಲ್ಲಿ ಅಲ್ಲ.

ಉಬ್ಬಿದರೆ

ಎಂದಿನಂತೆ ಸಲೀಸಾಗಿ ಜಾರಿ ಬರುತ್ತಿದ್ದ ಬ್ಯಾಟರಿ ಬಿಗಿಯಾಗಿದ್ದರೆ ಹೊರತೆಗೆದು ಚಪ್ಪಟೆ ಮೇಜಿನ ಮೇಲಿಡಿ. ಅಲ್ಲಾಡಿದರೆ ಉಬ್ಬಿದೆ ಅಂತ ಅರ್ಥ. ಅವತ್ತಿಗೆ ಅದರ ಕೆಲಸ ಮುಗಿಯಿತು. ಒತ್ತಿ ಸರಿ ಮಾಡುವುದು, ಚುಚ್ಚಿ ಗಾಳಿ ತೆಗೆಯುವುದು, ‘ಇದೊಂದು ಸಲ’ ಅಂತ ಚಾರ್ಜಿಗೆ ಹಾಕುವುದು ಯಾವುದೂ ಬೇಡ. ಕ್ಯಾಮೆರಾದೊಳಗೇ ಸಿಕ್ಕಿಕೊಂಡಿದ್ದರೆ ಸ್ಕ್ರೂಡ್ರೈವರ್ ಹಾಕಿ ಎಬ್ಬಬೇಡಿ, ಸರ್ವಿಸ್ ಸೆಂಟರಿಗೆ ಕೊಡಿ. ಹೊರಬಂದ ಬ್ಯಾಟರಿಯ ಲೋಹದ ಪಟ್ಟಿಗಳ ಮೇಲೆ ಇನ್ಸುಲೇಶನ್ ಟೇಪ್ ಅಂಟಿಸಿ, ಸುಡುವ ವಸ್ತುಗಳಿಂದ ದೂರ ಇಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಬೇಗ ತಲುಪಿಸಿ. ಮನೆಯ ಕಸಕ್ಕೆ ಹಾಕಿದರೆ ಕಸದ ಲಾರಿಯಲ್ಲಿ ಒತ್ತಿಹೋದಾಗ ಬೆಂಕಿ ಹೊತ್ತಿಕೊಳ್ಳಬಹುದು.