ಮೈಕ್ರೋಟೋಮ್ ಮುಂದೆ ಕೂತು ಅಂಗಾಂಶ ಕಲ್ತಿದ್ದು: ನನ್ನ ಅನುಭವ

ಹಿಸ್ಟೋಪೆಥಾಲಜಿ ಲ್ಯಾಬಲ್ಲಿ, ಅಂದ್ರೆ ಅಂಗಾಂಶನ ಮೈಕ್ರೋಸ್ಕೋಪಲ್ಲಿ ನೋಡಿ ರೋಗ ಗುರುತಿಸೋ ಲ್ಯಾಬಲ್ಲಿ, ಟೆಕ್ನಿಷಿಯನ್ ಕೆಲಸ ನಂದು. ಆಪರೇಷನ್ ಥಿಯೇಟರಿಂದ ಬಂದ ಅಂಗಾಂಶದ ಪೀಸನ್ನ ಸ್ಲೈಡ್ ಮಾಡಿ ಕೊಡೋದು ನಾವು, ನೋಡಿ ರಿಪೋರ್ಟ್ ಬರೆಯೋದು ಡಾಕ್ಟರು. ಕಲಿಯೋಕೆ ಬರೋ ಹುಡುಗ್ರಿಗೆಲ್ಲ ಅನುಲೇಪಕ, ಸಂಯೋಜಕ, ಸ್ನಾಯು, ನರ ಅಂತ ನಾಲ್ಕು ಬಗೆ ಅಂಗಾಂಶದ ಹೆಸರು ಬಾಯಿಪಾಠ ಇರತ್ತೆ, ಆದ್ರೆ ಲೇಬಲ್ ಮುಚ್ಚಿ ಒಂದು ಸ್ಲೈಡ್ ಕೊಟ್ಟುಬಿಟ್ರೆ ತಬ್ಬಿಬ್ಬು. ನಾನಂತೂ ಇವನ್ನ ಗುರುತು ಹಿಡಿಯೋಕೆ ಕಲ್ತಿದ್ದು ಪಟ್ಟಿ ಉರು ಹೊಡೆದಲ್ಲ, ಮೈಕ್ರೋಟೋಮ್ ಅನ್ನೋ ತೆಳ್ಳಗೆ ಕತ್ತರಿಸೋ ಯಂತ್ರದ ಬ್ಲೇಡಿಗೆ ಸಿಕ್ಕಾಗ ಯಾವುದು ಹೇಗಾಡತ್ತೆ ಅಂತ ನೋಡ್ಕೊಂಡು. ದೇಹದಲ್ಲಿ ಅದು ಏನು ಕೆಲಸ ಮಾಡತ್ತೋ ಅದೇ ಗುಣ ನಮ್ಮ ಬೆಂಚ್ ಮೇಲೆ ನಮಗೆ ಕಾಟ ಕೊಡೋದು.

ಗೊತ್ತಿಲ್ದೋರಿಗೆ ಚಿಕ್ಕದಾಗಿ ಹೇಳ್ತೀನಿ. 10% ಫಾರ್ಮಲಿನ್ ಪ್ರೋಟೀನುಗಳನ್ನ ಒಂದಕ್ಕೊಂದು ಬಿಗಿದು ಪೀಸ್ ಕೊಳೀದ ಹಾಗೆ ಹಿಡಿದಿಡತ್ತೆ, ಆಮೇಲೆ ಆಲ್ಕೋಹಾಲಲ್ಲಿ ನೀರು ತೆಗೀಬೇಕು, ಕ್ಸೈಲೀನಲ್ಲಿ ಆಲ್ಕೋಹಾಲ್ ತೆಗೀಬೇಕು, ಕೊನೆಗೆ ಸುಮಾರು 60 ಡಿಗ್ರಿಯಲ್ಲಿ ಕರಗಿರೋ ಪ್ಯಾರಾಫಿನ್ ವ್ಯಾಕ್ಸ್ ಒಳಗೆ ಇಳೀಬೇಕು. ಆ ವ್ಯಾಕ್ಸ್ ಗಟ್ಟಿ, ಅಂದ್ರೆ ಬ್ಲಾಕ್, ತಣ್ಣಗಾದ್ಮೇಲೆ 3ರಿಂದ 5 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪಕ್ಕೆ ಸೆಕ್ಷನ್, ಅಂದ್ರೆ ತೆಳು ಚೂರು, ಕಟ್ ಮಾಡಿ, ಬಿಸಿನೀರಲ್ಲಿ ತೇಲಿಸಿ, ಸ್ಲೈಡಿಗೆ ಎತ್ಕೊಂಡು, ಹೆಮಟಾಕ್ಸಿಲಿನ್ ಮತ್ತೆ ಇಯೋಸಿನ್ ಅನ್ನೋ ಬಣ್ಣಗಳ ಸ್ಟೇನ್. ನ್ಯೂಕ್ಲಿಯಸ್ ನೀಲಿ, ಮಿಕ್ಕಿದ್ದು ಹೆಚ್ಚುಕಡಿಮೆ ಎಲ್ಲಾ ಗುಲಾಬಿ.

ಅನುಲೇಪಕ ಅಂಗಾಂಶದ ಕೆಲಸ ಹೊದಿಕೆ, ಅಂದ್ರೆ ಅದು ಯಾವಾಗ್ಲೂ ಒಂದು ಅಂಚಲ್ಲೇ ಇರತ್ತೆ. ಹಾಗಾಗಿ ವ್ಯಾಕ್ಸಲ್ಲಿ ಕೂರಿಸೋವಾಗ ಪೀಸನ್ನ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸ್ಬೇಕು. ಮಲಗಿಸಿದ್ರೆ ಹೊದಿಕೆ ಅಡ್ಡಡ್ಡ ಕಟ್ ಆಗಿ, ಒಂದೇ ಪದರ ಇರೋದೂ ಹತ್ತು ಪದರ ಇರೋ ಥರ ಕಾಣತ್ತೆ, ಡಾಕ್ಟರ್ ಬ್ಲಾಕ್ ವಾಪಸ್ ಕಳಿಸ್ತಾರೆ. ಸ್ಲೈಡಲ್ಲಿ ನಾನು ಮೊದಲು ಹುಡುಕೋದು ಖಾಲಿ ಜಾಗ, ಅದರ ಅಂಚಲ್ಲಿ ಜೀವಕೋಶಗಳು ಒತ್ತೊತ್ತಾಗಿ ನಿಂತಿದ್ರೆ ಅದು ಅನುಲೇಪಕ. ಇದಕ್ಕೆ ಸ್ವಂತ ರಕ್ತನಾಳ ಇಲ್ಲ, ಕೆಳಗಿರೋ ಸಂಯೋಜಕ ಅಂಗಾಂಶದಿಂದ ಒಸರಿ ಬಂದ ಆಹಾರದಲ್ಲೇ ಬದುಕತ್ತೆ. ಶ್ವಾಸಕೋಶದ ಗಾಳಿಚೀಲದಲ್ಲಿ ಆಕ್ಸಿಜನ್ ದಾಟ್ಬೇಕಲ್ಲ, ಅಲ್ಲಿ ಎಷ್ಟು ತೆಳು ಅಂದ್ರೆ ನ್ಯೂಕ್ಲಿಯಸ್ ಉಬ್ಬಿರೋ ಜಾಗ ಬಿಟ್ರೆ ಏನೂ ಕಾಣಲ್ಲ. ಪಾದದ ಚರ್ಮ ತದ್ವಿರುದ್ಧ, ಪದರದ ಮೇಲೆ ಪದರ, ಮೇಲುಗಡೆ ಉಗುರಲ್ಲಿರೋ ಥರದ ಗಟ್ಟಿ ಪ್ರೋಟೀನ್ ಕೆರಟಿನ್, ತೇಯ್ದು ಹೋಗೋಕೇ ಇರೋದು ಅದು. ಕಟ್ ಮಾಡೋವಾಗ ಆ ಕೆರಟಿನ್ ಸೀಳಿ ಸೀಳಿ ಬರತ್ತೆ, ಬ್ಲಾಕನ್ನ ಸ್ವಲ್ಪ ಹೊತ್ತು ನೀರಲ್ಲಿ ನೆನೆಸಿ ಐಸ್ ಮೇಲಿಟ್ಟು ಕಟ್ ಮಾಡಿದ್ರೆ ಪರವಾಗಿಲ್ಲ.

ಹೊಸಬರಿಗೆ ನಾನು ಕೊಡೋ ಮೊದಲನೇ ಸ್ಲೈಡ್ ಅಪೆಂಡಿಕ್ಸ್. ಲ್ಯಾಬಿಗೆ ಅದು ಬರ್ತಾನೇ ಇರತ್ತೆ, ಮತ್ತೆ ನಾಲ್ಕೂ ಅದೊಂದರಲ್ಲೇ ಸಿಗತ್ತೆ. ನಡುವಿನ ತೂತಿಂದ ಹೊರಗಡೆಗೆ ನಿಧಾನಕ್ಕೆ ಸ್ಲೈಡ್ ಸರಿಸ್ಕೊಂಡು ಹೋಗಿ: ಮೊದಲು ಉದ್ದುದ್ದ ಕಂಬದಂಥ ಕೋಶಗಳ ಒಂದು ಸಾಲು, ಮಧ್ಯ ಮಧ್ಯ ಲೋಳೆ ತುಂಬಿಕೊಂಡು ಬೆಳ್ಳಗೆ ಕಾಣೋ ಗಾಬ್ಲೆಟ್ ಕೋಶ. ಅದರ ಕೆಳಗೆ ಸಡಿಲವಾದ ಸಂಯೋಜಕ ಅಂಗಾಂಶ, ಕಡು ನೀಲಿ ಗುಂಪುಗುಂಪಾಗಿ ಲಿಂಫೋಸೈಟು ಅನ್ನೋ ಬಿಳಿ ರಕ್ತಕಣ. ಆಮೇಲೆ ಎರಡು ಪದರ ಸ್ನಾಯು, ಒಳಗಿಂದು ಸುತ್ತುವರಿದು ಓಡತ್ತೆ, ಹೊರಗಿಂದು ಉದ್ದಕ್ಕೆ. ಆ ಎರಡರ ಸಂದಲ್ಲಿ ಹೈ ಪವರ್ ಹಾಕಿ ತಾಳ್ಮೆಯಿಂದ ಹುಡುಕಿದ್ರೆ ದೊಡ್ಡ ದುಂಡು ನ್ಯೂಕ್ಲಿಯಸ್, ಅದರೊಳಗೆ ಎದ್ದು ಕಾಣೋ ಒಂದು ಚುಕ್ಕೆ ಇರೋ ಕೋಶಗಳು ಎರಡೋ ಮೂರೋ ಒಟ್ಟಿಗೆ ಕೂತಿರ್ತವೆ, ಅವೇ ನರಕೋಶ. ಕರುಳು ತನ್ನ ಪಾಡಿಗೆ ತಾನು ಕಿವುಚಿ ಮುಂದೆ ತಳ್ಳತ್ತಲ್ಲ, ಅದನ್ನ ನಡೆಸೋದು ಇವು. ಇದನ್ನ ಒಂದ್ಸಲ ಕಂಡ ಹುಡುಗ್ರು ಮತ್ತೆ ಪಟ್ಟಿ ಕೇಳಲ್ಲ.

ಸಂಯೋಜಕ ಅಂಗಾಂಶದಲ್ಲೇ ನಮಗೆ ಜಾಸ್ತಿ ಕೆಲಸ. ಕೊಬ್ಬು, ಮೂಳೆ, ಮೃದ್ವಸ್ಥಿ, ರಕ್ತ, ಸ್ನಾಯುವನ್ನ ಮೂಳೆಗೆ ಕಟ್ಟೋ ಟೆಂಡನ್, ಎಲ್ಲಾ ಇದೇ ಮನೆಯವ್ರು, ಯಾಕಂದ್ರೆ ಎಲ್ಲದರಲ್ಲೂ ಕೋಶಕ್ಕಿಂತ ಕೋಶಗಳ ನಡುವೆ ಇರೋ ಸರಕೇ ಮುಖ್ಯ (ಕೊಬ್ಬೊಂದು ಇದಕ್ಕೆ ಹೊರತು). ಕೊಬ್ಬಿನ ಪೀಸ್ ಪ್ರೊಸೆಸಿಂಗಿಗೆ ಟೈಮ್ ಜಾಸ್ತಿ ಬೇಕು, ಇಲ್ಲಾಂದ್ರೆ ವ್ಯಾಕ್ಸ್ ಒಳಗಿಳಿಯಲ್ಲ, ಸೆಕ್ಷನಲ್ಲಿ ಬರೀ ತೂತು. ಸರಿಯಾಗಿ ಮಾಡಿದ್ರೂ ಕೊಬ್ಬು ಕ್ಸೈಲೀನಲ್ಲಿ ಕರಗಿ ಹೋಗಿರತ್ತೆ, ಉಳಿಯೋದು ಖಾಲಿ ಗೂಡು, ಮೂಲೆಗೆ ಒತ್ತಿಕೊಂಡಿರೋ ನ್ಯೂಕ್ಲಿಯಸ್. ಕೊಬ್ಬನ್ನೇ ನೋಡ್ಬೇಕು ಅಂದ್ರೆ ವ್ಯಾಕ್ಸ್ ಬದಲು ಪೀಸನ್ನ ಹೆಪ್ಪುಗಟ್ಟಿಸಿ ಕಟ್ ಮಾಡಿ (ಫ್ರೋಜನ್ ಸೆಕ್ಷನ್) ಕೊಬ್ಬಿಗೆ ಹಿಡಿಯೋ ಆಯಿಲ್ ರೆಡ್ ಓ ಬಣ್ಣ ಹಾಕ್ಬೇಕು.

ಮೂಳೇನ ಹಾಗೇ ಕಟ್ ಮಾಡೋಕೆ ಹೋದ್ರೆ ಬ್ಲೇಡ್ ಹಾಳು. ಫಾರ್ಮಿಕ್ ಆಸಿಡಲ್ಲಿ ಇಟ್ಟು ಕ್ಯಾಲ್ಸಿಯಂ ತೆಗೀಬೇಕು, ಪೀಸ್ ದಪ್ಪ ಇದ್ರೆ ದಿನಗಟ್ಟಲೆ. ನಾನು ಮಧ್ಯ ಮಧ್ಯ ಹೊರಗೆ ತೆಗೆದು ಗ್ಲೌಸ್ ಕೈಯಲ್ಲಿ ಮೆಲ್ಲಗೆ ಬಗ್ಗಿಸಿ ನೋಡ್ತೀನಿ. ಆಕಾರ ಹಾಗೇ ಇರತ್ತೆ, ಆದ್ರೆ ಮೂಳೆ ರಬ್ಬರ್ ಥರ ಬಾಗತ್ತೆ! ಗಟ್ಟಿತನ ಕೊಡ್ತಿದ್ದ ಖನಿಜ ಹೋಯ್ತು, ಎಳೆತ ತಡೆಯೋ ಕೊಲಾಜನ್ ಅನ್ನೋ ಪ್ರೋಟೀನ್ ನಾರು ಉಳೀತು. ಮೂಳೆಗೆ ಎರಡೂ ಯಾಕೆ ಬೇಕು ಅಂತ ಇದಕ್ಕಿಂತ ಚೆನ್ನಾಗಿ ಯಾವ ಚಿತ್ರಾನೂ ತೋರಿಸಲ್ಲ. ಮೃದ್ವಸ್ಥಿಗೆ ಇಷ್ಟು ಕಷ್ಟ ಇಲ್ಲ, ಅದರಲ್ಲೂ ರಕ್ತನಾಳ ಇಲ್ಲ, ಮಂಡಿಯ ಮೃದ್ವಸ್ಥಿ ಸವೆದ್ರೆ ಸುಲಭಕ್ಕೆ ಸರಿಹೋಗದಿರೋಕೆ ಅದೂ ಒಂದು ಕಾರಣ. ಇನ್ನು ರಕ್ತ, ಅದರ ಕೆಂಪು ಕಣ ಸುಮಾರು 7 ಮೈಕ್ರಾನ್, ಪಕ್ಕದ ಕೋಶ ಎಷ್ಟು ದೊಡ್ಡದು ಅಂತ ಅಳೆಯೋಕೆ ಸ್ಲೈಡಲ್ಲೇ ಇರೋ ಸ್ಕೇಲ್ ನಮಗೆ.

ಅಂದ ಹಾಗೆ ಅಂಗಾಂಶಗಳನ್ನ ಮೊದಲು ವ್ಯವಸ್ಥಿತವಾಗಿ ವಿಂಗಡಿಸಿದ ಫ್ರಾನ್ಸಿನ ವೈದ್ಯ ಬಿಶಾ 21 ಬಗೆ ಅಂತ ಹೇಳಿದ್ದು ಮೈಕ್ರೋಸ್ಕೋಪ್ ಮುಟ್ಟದೇನೇ. ಬೇಯಿಸಿ, ಒಣಗಿಸಿ, ನೆನೆಸಿ, ಆಸಿಡಿಗೆ ಹಾಕಿ ಯಾವುದು ಏನಾಗತ್ತೆ ಅಂತ ನೋಡ್ತಿದ್ದ. 1802ರಲ್ಲಿ ಇನ್ನೂ 30ರ ವಯಸ್ಸಲ್ಲೇ ತೀರಿಕೊಂಡ. ಆಸಿಡಿಂದ ಮೂಳೆ ತೆಗೆಯೋವಾಗೆಲ್ಲ ಈ ಮನುಷ್ಯ ನೆನಪಾಗ್ತಾನೆ ನನಗೆ.

ಸ್ನಾಯುವಿಗೆ ಬಂದ್ರೆ ನ್ಯೂಕ್ಲಿಯಸ್ ಎಲ್ಲಿದೆ ನೋಡಿ ಸಾಕು. ಉದ್ದ ನಾರು, ಪಟ್ಟೆ ಪಟ್ಟೆ, ನ್ಯೂಕ್ಲಿಯಸ್‌ಗಳೆಲ್ಲ ಅಂಚಿಗೆ ಸರಿದಿದ್ರೆ ಕೈಕಾಲು ಆಡಿಸೋ ಸ್ನಾಯು. ಪಟ್ಟೆ ಇದ್ದೂ ನಾರು ಕವಲೊಡೆದು ನ್ಯೂಕ್ಲಿಯಸ್ ನಡುವೆ ಇದ್ರೆ ಹೃದಯದ್ದು, ಅಲ್ಲಿ ಕೋಶ ಕೋಶ ಸೇರೋ ಕಡೆ ಅಡ್ಡ ಗೆರೆ ಇರತ್ತೆ, ಕರೆಂಟ್ ಅಲ್ಲಿಂದ ದಾಟೋದ್ರಿಂದಲೇ ಹೃದಯ ಒಟ್ಟಿಗೆ ಮಿಡಿಯೋದು. ಪಟ್ಟೆ ಇಲ್ದೆ ಎರಡೂ ತುದಿ ಚೂಪಾಗಿದ್ರೆ ನಯ ಸ್ನಾಯು, ಕರುಳು, ಗರ್ಭಕೋಶ, ರಕ್ತನಾಳದ್ದು. ಇದೂ ಗುಲಾಬಿ, ಕೊಲಾಜನ್ನೂ ಗುಲಾಬಿ, ಗೊಂದಲ ಆದ್ರೆ ಮ್ಯಾಸನ್ ಟ್ರೈಕ್ರೋಮ್ ಹಾಕ್ತೀವಿ: ಸ್ನಾಯು ಕೆಂಪು, ಕೊಲಾಜನ್ ನೀಲಿ.

ಮೆದುಳು ತುಂಬಾ ಮೆತ್ತಗೆ, ಇಡೀ ಮೆದುಳು ಬಂದ್ರೆ ವಾರಗಟ್ಟಲೆ ಫಾರ್ಮಲಿನಲ್ಲಿ ಇಡದೆ ಕೈ ಹಾಕೋ ಹಾಗಿಲ್ಲ. ನಮ್ಮ ಮಾಮೂಲಿ ಸ್ಟೇನಲ್ಲಿ ನರಕೋಶದ ಒಡಲು ಮಾತ್ರ ಚೆನ್ನಾಗಿ ಕಾಣತ್ತೆ, ಸಂದೇಶ ಒಯ್ಯೋ ಆ ಉದ್ದ ಎಳೆಗಳು ಕಾಣಲ್ಲ. ಅವನ್ನ ಕಾಣಿಸಿದ್ದು 1873ರಲ್ಲಿ ಇಟಲಿಯ ವಿಜ್ಞಾನಿ ಗಾಲ್ಜಿ ಕಂಡುಹಿಡಿದ ಬೆಳ್ಳಿ ಸ್ಟೇನು, ಅದನ್ನೇ ಬಳಸಿ ಸ್ಪೇನಿನ ವಿಜ್ಞಾನಿ ಕಹಾಲ್ ಪ್ರತಿ ನರಕೋಶಾನೂ ಬೇರೆ ಬೇರೆ ಅಂದ, ಗಾಲ್ಜಿ ಎಲ್ಲಾ ಒಂದೇ ಬಲೆ ಅಂದ, 1906ರ ನೊಬೆಲ್ ಇಬ್ಬರಿಗೂ ಹಂಚಿ ಕೊಟ್ರು. ಕಹಾಲ್ ಹೇಳಿದ್ದೇ ಸರಿ ಇತ್ತು. ಮೆದುಳಿನ ಹೊರಗಿನ ನರದ ಕಟ್ಟು ನಯ ಸ್ನಾಯು ಥರಾನೇ ಕಾಣೋದುಂಟು, ನ್ಯೂಕ್ಲಿಯಸ್ ಸಣ್ಣಗೆ ಅಲೆ ಅಲೆಯಾಗಿದ್ರೆ ನರ ಅಂತ ಇಟ್ಕೊಳ್ಳಿ, ಆಗಲೂ ಅನುಮಾನ ಇದ್ರೆ ಡಾಕ್ಟರು ನರದ ಕೋಶಗಳಲ್ಲಿರೋ ಒಂದು ಪ್ರೋಟೀನನ್ನ ತೋರಿಸೋ ಎಸ್-100 ಸ್ಟೇನ್ ಕೇಳ್ತಾರೆ, ಅದಕ್ಕೊಂದು ಸೆಕ್ಷನ್ ಮೊದಲೇ ಎತ್ತಿಟ್ಟಿರಿ.