ಸಂಧಿವಾತದ ರಕ್ತದಲ್ಲಿ ಐಎಲ್-6 ಅಳೆಯುವಾಗ

ರುಮಟಾಯ್ಡ್ ಸಂಧಿವಾತದಲ್ಲಿ ಊದಿದ ಕೀಲಿನ ಒಳಪೊರೆ ಐಎಲ್-6 (ಇಂಟರ್‌ಲ್ಯೂಕಿನ್-6) ಎಂಬ ಸೈಟೊಕೈನನ್ನು, ಅಂದರೆ ಉರಿಯೂತದ ಸಂದೇಶ ಒಯ್ಯುವ ಪ್ರೋಟೀನನ್ನು, ಸುರಿಸುತ್ತದೆ. ಅದು ಯಕೃತ್ತನ್ನು ತಲುಪಿದ ಮೇಲೆ, ಯಕೃತ್ತು ತಯಾರಿಸುವ ಉರಿಯೂತ ಸೂಚಕ ಪ್ರೋಟೀನ್ ಸಿಆರ್‌ಪಿ ಏರುತ್ತದೆ.

ಅಳೆಯುವ ಮೊದಲು ನಾನು ನೋಡುವುದು ಹೊತ್ತು. ಈ ಕಾಯಿಲೆಯಲ್ಲಿ ಐಎಲ್-6 ಬೆಳಗಿನ ಜಾವ ಏರಿ, ಹಗಲು ಸರಿದಂತೆ ಇಳಿಯುತ್ತದೆ. ಮುಂಬಯಿಯ ಪರೇಲಿನವರ ರಕ್ತ ಏಳೂವರೆಗೆ, ದೂರದ ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಬರುವವರದು ಹನ್ನೊಂದಕ್ಕೆ ತೆಗೆದರೆ ಎರಡನ್ನೂ ಹೋಲಿಸಲಾಗದು. ಟ್ಯೂಬಿನ ಚೀಟಿಯಲ್ಲಿ ಗಂಟೆ ಬರೆಯುತ್ತೇನೆ. ನಮ್ಮ ಕಡೆಯವರಾದರೆ ಕನ್ನಡದಲ್ಲೇ ಕೇಳುತ್ತೇನೆ: "ಅಜ್ಜಿ, ಇವತ್ತು ಬೆರಳು ಸಡಿಲ ಆಗೋಕೆ ಎಷ್ಟು ಹೊತ್ತು ಹಿಡೀತು?" ಆ ಉತ್ತರವೂ ಚೀಟಿಗೆ.

ರಕ್ತ 30 ನಿಮಿಷ ಹೆಪ್ಪುಗಟ್ಟಬೇಕು. ಸೆಂಟ್ರಿಫ್ಯೂಜಿನಲ್ಲಿ 1000 ಜಿ (ಗುರುತ್ವದ 1000 ಪಟ್ಟು) ಬಲದಲ್ಲಿ 15 ನಿಮಿಷ ತಿರುಗಿಸಿ, ಮೇಲೆ ನಿಂತ ತಿಳಿದ್ರವವಾದ ಸೀರಮ್ಮನ್ನು 250 ಮೈಕ್ರೋಲೀಟರ್ ಪಾಲು ಮಾಡಿ ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿಡುತ್ತೇನೆ. ಕರಗಿಸಿದ ಪಾಲನ್ನು ಮತ್ತೆ ಮಂಜುಗಟ್ಟಿಸುವುದಿಲ್ಲ. ಅಳೆಯುವುದು ಎಲೈಸಾ ಕಿಟ್ಟಿನಿಂದ: ಪ್ಲೇಟಿಗೆ ಅಂಟಿದ ಒಂದು ಪ್ರತಿಕಾಯ, ಮೇಲಿನಿಂದ ಹಾಕಿದ ಇನ್ನೊಂದು, ಎರಡರ ನಡುವೆ ಐಎಲ್-6 ಸಿಕ್ಕಿದಷ್ಟು ಬಣ್ಣ ಬರುತ್ತದೆ. ಮುಂಬಯಿ ಮಳೆಗಾಲದಲ್ಲಿ ಫ್ರಿಜ್‌ನಿಂದ ತೆಗೆದ ಎಲೈಸಾ ಪ್ಲೇಟಿನ ಫಾಯಿಲನ್ನು ತಕ್ಷಣ ಹರಿಯಬಾರದು, ಒಣಗಿರುವ ವೆಲ್‌ಗಳಲ್ಲಿ (ಪ್ಲೇಟಿನ ಕುಳಿಗಳಲ್ಲಿ) ಹನಿ ಕೂರುತ್ತದೆ. ಅರ್ಧ ಗಂಟೆ ಮೇಜಿನ ಮೇಲಿರಲಿ. ತೊಳೆಯುವ ಬಫರಿನಲ್ಲಿ ಕೆಡದಂತೆ ಹಾಕುವ ಸೋಡಿಯಂ ಅಜೈಡ್ ಇದ್ದರೆ ಬಣ್ಣ ಬರಿಸುವ ಕಿಣ್ವ ಪೆರಾಕ್ಸಿಡೇಸ್ ಸಾಯುತ್ತದೆ. ಉಳಿದದ್ದು ಕಿಟ್ಟಿನ ಹಾಳೆಯಲ್ಲಿರುವಂತೆಯೇ, 450 ನ್ಯಾನೋಮೀಟರಿನಲ್ಲಿ ಓದಿ, 570ರದ್ದನ್ನು ಕಳೆಯುವುದು.

ನಿಜವಾದ ತೊಡಕು ರುಮಟಾಯ್ಡ್ ಫ್ಯಾಕ್ಟರ್. ಈ ರೋಗಿಗಳಲ್ಲಿ ಬಹುಪಾಲು ಜನರ ರಕ್ತದಲ್ಲಿರುವ ಈ ಪ್ರತಿಕಾಯ ಬೇರೆ ಪ್ರತಿಕಾಯಗಳ ಬಾಲವನ್ನೇ ಹಿಡಿಯುತ್ತದೆ. ಪ್ಲೇಟಿಗೆ ಅಂಟಿದ ಪ್ರತಿಕಾಯವನ್ನೂ ಮೇಲಿನಿಂದ ಹಾಕಿದ ಪ್ರತಿಕಾಯವನ್ನೂ ತಾನೇ ಜೋಡಿಸಿಬಿಟ್ಟರೆ, ನಡುವೆ ಐಎಲ್-6 ಇಲ್ಲದಿದ್ದರೂ ಬಣ್ಣ ಏರುತ್ತದೆ. ಆರೋಗ್ಯವಂತರ ಸೀರಮ್ಮಿನಲ್ಲಿ ಚೊಕ್ಕಟವಾಗಿ ನಡೆದ ಕಿಟ್ ಇಲ್ಲಿ ಎಡವುವುದು ಇದಕ್ಕೇ.

ಹೆಚ್ಚು ಬಂದ ಪ್ರತಿ ಸ್ಯಾಂಪಲ್ಲಿಗೂ ಎರಡು ಪರೀಕ್ಷೆ ಮಾಡುತ್ತೇನೆ. 2 ಪಟ್ಟು, 4 ಪಟ್ಟು ತೆಳುಮಾಡಿ ಓದಿ, ಮತ್ತೆ ಗುಣಿಸಿದರೆ ಮೊದಲಿನ ಅಂಕಿಯ 80ರಿಂದ 120 ಶೇಕಡದೊಳಗೆ ಬರಬೇಕು. ಕಿಟ್ಟಿನ ಪ್ರತಿಕಾಯಗಳು ಇಲಿಯವಾದರೆ, ಸೀರಮ್ಮಿಗೆ ಇಲಿಯದೇ ಸಾದಾ ಪ್ರತಿಕಾಯ (ಐಜಿಜಿ), ಮಿಲಿಲೀಟರಿಗೆ 100 ಮೈಕ್ರೋಗ್ರಾಂ, ಬೆರೆಸಿ ಒಂದು ಗಂಟೆ ಬಿಟ್ಟು ಮತ್ತೆ ಓದುತ್ತೇನೆ; ರುಮಟಾಯ್ಡ್ ಫ್ಯಾಕ್ಟರ್ ಕಿಟ್ಟಿನದನ್ನು ಬಿಟ್ಟು ಇದನ್ನೇ ಹಿಡಿಯಲಿ ಎಂದು. ಮಿಲಿಲೀಟರಿಗೆ 48 ಪಿಕೋಗ್ರಾಂ ಇದ್ದದ್ದು 6ಕ್ಕೆ ಕುಸಿದರೆ ಆ 48 ವರದಿಗೆ ಹೋಗಬಾರದು. ಬಾಲ ಕತ್ತರಿಸಿದ ಪ್ರತಿಕಾಯಗಳ ಕಿಟ್ ಸಿಕ್ಕರೆ ದುಬಾರಿಯಾದರೂ ಅದನ್ನೇ ತರಿಸಿ.

ಈ ಕಾಯಿಲೆಗೆ ಕೊಡುವ ಟೋಸಿಲಿಝುಮ್ಯಾಬ್ ಎಂಬ ಔಷಧ ಪಡೆದವರಲ್ಲಿ ಐಎಲ್-6 ಏರಿಯೇ ಇರುತ್ತದೆ. ಆ ಔಷಧ ಐಎಲ್-6 ಬಂದು ಕೂರುವ ಗ್ರಾಹಕವನ್ನು (ರಿಸೆಪ್ಟರ್) ಮುಚ್ಚುವುದರಿಂದ ಐಎಲ್-6 ರಕ್ತದಲ್ಲೇ ಉಳಿದು ಸೇರಿಕೊಳ್ಳುತ್ತದೆ, ಸಿಆರ್‌ಪಿ ಮಾತ್ರ ಇಳಿಯುತ್ತದೆ. ಕಾಯಿಲೆ ಉಲ್ಬಣಿಸಿದೆ ಎಂದು ಓದಿಕೊಳ್ಳಬೇಡಿ. ಕೊನೆಯ ಡೋಸಿನ ತಾರೀಕು ಕೇಳಿ, ಚೀಟಿಯಲ್ಲಿ ಬರೆಯಿರಿ.